ವ್ರತ, ಶರಣಾಗತಿ, ಅರಿವು: ವ್ಯಸನಚಿಕಿತ್ಸೆಯಲ್ಲಿ ‘ಅಧ್ಯಾತ್ಮ’ವೆಂಬ ಮಾತಿನ ವಿಮರ್ಶೆ

೧

‘ಕವಿರಾಜಮಾರ್ಗ’ವು ಕನ್ನಡನಾಡಿನ ಬಡಗಣ ಎಲ್ಲೆಯಾಗಿ ಗೋದಾವರಿಯನ್ನು ಹೆಸರಿಸಿರುವುದು ಹೊರನಾಡ ಕನ್ನಡಿಗರಿಗೆ ಬಾಯಿಪಾಠವಾದ ಸಂಗತಿ. ಆ ನದಿ ಹುಟ್ಟುವ ತ್ರ್ಯಂಬಕೇಶ್ವರವು ನಾಸಿಕ ಜಿಲ್ಲೆಯಲ್ಲಿದೆ. ಅದರ ದಂಡೆಯ ಮೇಲಣ ಪೈಠಣವು, ೨೦೨೩ರಿಂದ ಛತ್ರಪತಿ ಸಂಭಾಜಿನಗರವೆಂದು ಕರೆಯಲ್ಪಡುತ್ತಿರುವ ಹಿಂದಿನ ಔರಂಗಾಬಾದ್ ಜಿಲ್ಲೆಯಲ್ಲಿದೆ. ಮೊದಲನೆಯದರಲ್ಲಿ ಜ್ಞಾನೇಶ್ವರರ ಅಣ್ಣನೂ ಗುರುವೂ ಆದ ನಿವೃತ್ತಿನಾಥರ ಸಮಾಧಿಯಿದೆ. ಎರಡನೆಯದು ಸಂತ ಏಕನಾಥರು ಬಾಳಿದ ಊರು. ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ ಎಲ್ಲೋರದ ಕೈಲಾಸವೂ ಇದೇ ಪ್ರಾಂತದ್ದು. ಭಕ್ತಿಗೂ ತಪಸ್ಸಿಗೂ ಇಷ್ಟು ಹಳೆಯ ನೆಲೆಯಾದ ಭೂಮಿ ನಮ್ಮ ದೇಶದಲ್ಲಿ ವಿರಳ.

ಆದರೆ ಇದೇ ಭೂಮಿಗೆ ಇಂದು ಇನ್ನೊಂದು ಖ್ಯಾತಿಯೂ ಉಂಟು. ನಾಸಿಕದ ದ್ರಾಕ್ಷಿಯ ತೋಟಗಳು ಕಳೆದ ಎರಡೂವರೆ ದಶಕಗಳಲ್ಲಿ ಭಾರತದ ದ್ರಾಕ್ಷಾಮದ್ಯದ ರಾಜಧಾನಿಯೆಂಬ ಹೆಸರನ್ನು ಆ ಊರಿಗೆ ತಂದಿವೆ. ಸಂಭಾಜಿನಗರದ ಕೈಗಾರಿಕಾ ಪ್ರದೇಶಗಳಲ್ಲಿ ಬಿಯರ್ ಮತ್ತು ಮದ್ಯದ ಕಾರ್ಖಾನೆಗಳು ನೆಲೆಸಿವೆ. ಮರಾಠವಾಡದ ಬರಗಾಲದ ವರ್ಷವಾದ ೨೦೧೬ರ ಏಪ್ರಿಲ್ ತಿಂಗಳಲ್ಲಿ, ಕುಡಿಯುವ ನೀರಿಗೇ ಜನ ಪರದಾಡುತ್ತಿದ್ದಾಗ, ಮದ್ಯದ ಕಾರ್ಖಾನೆಗಳಿಗೆ ಹೋಗುವ ನೀರನ್ನು ಕಡಿತಗೊಳಿಸುವಂತೆ ಮುಂಬಯಿ ಉಚ್ಚ ನ್ಯಾಯಾಲಯದ ಔರಂಗಾಬಾದ್ ಪೀಠವು ಆಜ್ಞೆ ಮಾಡಬೇಕಾಯಿತು. ತೀರ್ಥವೂ ಮದ್ಯವೂ ಒಂದೇ ನದಿಯ ನೀರನ್ನು ಹಂಚಿಕೊಂಡಿರುವ ಈ ಪ್ರದೇಶವು, ವ್ಯಸನ ಮತ್ತು ಅಧ್ಯಾತ್ಮಗಳ ಸಂಬಂಧವನ್ನು ವಿಚಾರಿಸುವುದಕ್ಕೆ ತಕ್ಕ ಸ್ಥಳವೆಂದರೆ ತಪ್ಪಾಗದು.

ವಿಚಾರಿಸಬೇಕಾದ ಅಗತ್ಯವೂ ಇದೆ. ಕೇಂದ್ರಸರಕಾರದ ಪರವಾಗಿ ದಿಲ್ಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯು ನಡೆಸಿ ೨೦೧೯ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ದೇಶದಲ್ಲಿ ಸುಮಾರು ೧೬ ಕೋಟಿ ಜನ ಮದ್ಯಪಾನಿಗಳು. ಅವರಲ್ಲಿ ಸುಮಾರು ೫.೭ ಕೋಟಿ ಜನರಿಗೆ ಅದು ಹಾನಿಯ ಅಥವಾ ದಾಸ್ಯದ ಮಟ್ಟವನ್ನು ಮುಟ್ಟಿದೆ. ಮದ್ಯದ ದಾಸ್ಯಕ್ಕೆ ಸಿಕ್ಕಿದ ೩೮ ಮಂದಿಯಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ದೊರೆತಿತ್ತೆಂದು ಅದೇ ವರದಿ ಹೇಳುತ್ತದೆ. ಉಳಿದ ೩೭ ಮಂದಿ ಎಲ್ಲಿಗೆ ಹೋಗುತ್ತಾರೆ? ಅನೇಕರು ಎಲ್ಲಿಗೂ ಹೋಗುವುದಿಲ್ಲ. ಹೋಗುವವರು ಮೊದಲು ಹಿಡಿಯುವ ದಾರಿ ಗುಡಿಯದು, ಮಠದ್ದು, ಮಾಲೆಯದು. ಹೀಗಿರುವಲ್ಲಿ ‘ಅಧ್ಯಾತ್ಮದಿಂದ ವ್ಯಸನ ಬಿಡುತ್ತದೆ, ಮನಸ್ಸು ನೆಟ್ಟಗಾಗುತ್ತದೆ’ ಎಂಬ ಮಾತನ್ನು ಸುಮ್ಮನೆ ಒಪ್ಪುವುದೂ ಸುಮ್ಮನೆ ತಳ್ಳಿಹಾಕುವುದೂ ಸಮನಾದ ಅಪಾಯಗಳೇ. ಆ ಮಾತಿನ ಒಳಗೇನಿದೆಯೆಂಬುದನ್ನು ಬಿಡಿಸಿ ನೋಡುವುದು ಅವಶ್ಯ.

೨

ಬಿಡಿಸಿ ನೋಡಿದಾಗ ಮೊದಲು ತೋರುವುದು, ‘ಅಧ್ಯಾತ್ಮ’ವೆಂಬ ಒಂದೇ ಹೆಸರಿನ ಕೆಳಗೆ ಪರಸ್ಪರ ಭಿನ್ನವಾದ ಮೂರು ಕ್ರಿಯೆಗಳು ಅಡಗಿವೆಯೆಂಬುದು. ಅವನ್ನು ವ್ರತ, ಶರಣಾಗತಿ, ಅರಿವು ಎಂದು ಕರೆಯಬಹುದು. ಮೂರಕ್ಕೂ ಈ ಪ್ರಾಂತದಲ್ಲಿಯೇ ಇಲ್ಲವೆ ಅದರ ನೆರೆಯಲ್ಲಿ ನಿದರ್ಶನಗಳು ಸಿಕ್ಕುತ್ತವೆ.

ವ್ರತದ ಉತ್ತಮ ನಿದರ್ಶನ ವಾರಕರಿಗಳದು. ಕೊರಳಿಗೆ ತುಲಸಿಯ ಮಾಲೆ ಹಾಕಿಕೊಂಡವನು ಮದ್ಯಮಾಂಸಗಳನ್ನು ಬಿಡತಕ್ಕದ್ದು. ಮಾಲೆಯೇ ಅವನ ಪ್ರತಿಜ್ಞೆಯ ಸಾಕ್ಷಿ. ಆಷಾಢದಲ್ಲಿ ತ್ರ್ಯಂಬಕೇಶ್ವರದಿಂದ ನಿವೃತ್ತಿನಾಥರ ಪಾಲಕಿಯೂ ಪೈಠಣದಿಂದ ಏಕನಾಥರ ಪಾಲಕಿಯೂ ಪಂಢರಪುರಕ್ಕೆ ನಡೆಯುತ್ತವೆ. ಜ್ಞಾನೇಶ್ವರರು ಕನ್ನಡಿಗನೆಂದು ಕರೆದ ವಿಠ್ಠಲನ ಬಳಿಗೆ ವಾರಗಟ್ಟಲೆ ಸಾಗುವ ಆ ದಿಂಡಿಯಲ್ಲಿ ನಡೆಯುವ ವ್ಯಸನಿಯು ಒಂಟಿಯಲ್ಲ. ಹಿಂದೆ ಮುಂದೆ ಜನ, ಬಾಯಲ್ಲಿ ನಾಮ, ಹೊತ್ತಿಗೆ ಸರಿಯಾದ ಊಟ, ದಣಿದ ಮೈಗೆ ನಿದ್ದೆ. ಹಳೆಯ ಗೆಳೆಯರ ಕೂಟದಿಂದಲೂ ಹಳೆಯ ಹೊತ್ತುಗಳಿಂದಲೂ ಅವನನ್ನು ಬಿಡಿಸಿ ಹೊಸ ಕೂಟವೊಂದರಲ್ಲಿ ನಿಲ್ಲಿಸುವ ಈ ವ್ಯವಸ್ಥೆಯಲ್ಲಿ, ಇಂದಿನ ಚಿಕಿತ್ಸಾಶಾಸ್ತ್ರವು ಹೇಳುವ ಅನೇಕ ಸಂಗತಿಗಳು ಶಾಸ್ತ್ರದ ಹೆಸರಿಲ್ಲದೆಯೇ ನಡೆದುಬಂದಿವೆ.

ಕನ್ನಡನಾಡಿನಲ್ಲಿ ಇದಕ್ಕೆ ಸರಿದೊರೆಯಾದುದು ಇಳಕಲ್ಲಿನ ‘ಮಹಾಂತ ಜೋಳಿಗೆ’. ಚಿತ್ತರಗಿ-ಇಳಕಲ್ಲ ಮಠದ ಡಾ. ಮಹಾಂತ ಶಿವಯೋಗಿಗಳು ೧೯೭೫ರಲ್ಲಿ ಜೋಳಿಗೆ ಹಿಡಿದು ಹೊರಟರು, ಬೇಡಿದ್ದು ಕಾಳನ್ನಲ್ಲ, ಹಣವನ್ನಲ್ಲ, ಮನೆಮನೆಯವರ ದುಶ್ಚಟಗಳನ್ನು. ಅವರು ೨೦೧೮ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ ೧ನ್ನು ಕರ್ನಾಟಕದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸಲಾಗುತ್ತಿದೆ. ಈ ಕಲ್ಪನೆಯ ಹಿರಿಮೆ ಒಂದು ಸೂಕ್ಷ್ಮದಲ್ಲಿದೆ. ಭಿಕ್ಷೆ ಬೇಡುವವನು ಕೆಳಗೆ, ನೀಡುವವನು ಮೇಲೆ ಎಂಬುದು ಲೋಕರೂಢಿ. ಊರಿನವರೆಲ್ಲ ತಿರಸ್ಕರಿಸಿದ ಕುಡುಕನ ಮುಂದೆ ಪೀಠಾಧಿಪತಿಯೇ ಜೋಳಿಗೆ ಒಡ್ಡಿದಾಗ ಆ ಕುಡುಕನು ಅಂದು ಮೊದಲ ಬಾರಿಗೆ ದಾನಿಯಾಗುತ್ತಾನೆ. ಕಳೆದುಹೋದ ಮಾನವು ಉಪದೇಶದಿಂದ ಬರುವುದಕ್ಕಿಂತ ಹೀಗೆ ಬರುವುದು ಸುಲಭ.

ಆದರೆ ವ್ರತದ ದೌರ್ಬಲ್ಯವೂ ಅದರ ಬಲದ ಮಗ್ಗುಲಲ್ಲೇ ಇದೆ. ವ್ರತವು ಇಡಿಯಾದುದು, ಮುರಿದರೆ ಪೂರ್ತಿ ಮುರಿಯುತ್ತದೆ. ವ್ಯಸನವಾದರೋ ಮರುಕಳಿಸುವ ಸ್ವಭಾವದ ವ್ಯಾಧಿ. ಬಿಟ್ಟ ವ್ಯಸನಿ ಒಮ್ಮೆ ಎಡವಿದಾಗ ‘ನನ್ನಿಂದ ಇನ್ನಾಗದು’ ಎಂಬ ಭಾವವೇ ಅವನನ್ನು ಪೂರ್ಣಪತನಕ್ಕೆ ತಳ್ಳುತ್ತದೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ೧೯೮೫ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಮಾಲೆ ಹಾಕಿಕೊಂಡು ಎಡವಿದವನಿಗೆ ಈ ಭಾವ ಇಮ್ಮಡಿ. ಅವನು ದೇಹಕ್ಕೆ ಮಾತ್ರವಲ್ಲ, ದೇವರಿಗೂ ತಪ್ಪಿದವನು. ಮಾಲೆಯನ್ನು ತೆಗೆದಿಟ್ಟವನು ಮರಳಿ ಬರುವ ದಾರಿ ಎಲ್ಲಿ ತೆರೆದಿರುತ್ತದೆಯೋ ಅಲ್ಲಿ ವ್ರತವು ಔಷಧ. ಎಲ್ಲಿ ಮುಚ್ಚಿರುತ್ತದೆಯೋ ಅಲ್ಲಿ ಅದು ಇನ್ನೊಂದು ಗಾಯ. ಧರ್ಮಸ್ಥಳದ ಆಶ್ರಯದಲ್ಲಿ ಜನಜಾಗೃತಿ ವೇದಿಕೆಯು ನಡೆಸುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳ ಬಳಿಕ ಊರೂರಿನಲ್ಲಿ ‘ನವಜೀವನ ಸಮಿತಿ’ಗಳನ್ನು ಏರ್ಪಡಿಸಿರುವುದರ ಬೆಲೆ ತಿಳಿಯುವುದು ಇಲ್ಲಿಯೇ. ಶಿಬಿರದ ಭಜನೆ ಎಂಟು ದಿನಕ್ಕೆ ಮುಗಿಯುತ್ತದೆ; ಒಂಬತ್ತನೆಯ ದಿನ ಯಾರು ಜೊತೆಗಿರುತ್ತಾರೆಂಬುದೇ ನಿಜವಾದ ಪ್ರಶ್ನೆ.

ಇನ್ನೊಂದು ಅಪಾಯವನ್ನೂ ಮರೆಮಾಚಲಾಗದು. ವರ್ಷಗಟ್ಟಲೆ ದಿನವಿಡೀ ಕುಡಿದವನು ಭಕ್ತಿಯ ಆವೇಶದಲ್ಲಿ ಒಮ್ಮೆಲೇ ನಿಲ್ಲಿಸಿದರೆ, ಮುಂದಿನ ಎರಡು ಮೂರು ದಿನಗಳಲ್ಲಿ ಕೈನಡುಕ, ಸೆಳವು, ಚಿತ್ತಭ್ರಮೆಗಳು ಬರಬಹುದು, ಪ್ರಾಣಹಾನಿಯೂ ಆಗಬಹುದು. ಇದಕ್ಕೆ ಔಷಧವುಂಟು, ಥಯಮಿನ್ ಜೀವಸತ್ವವುಂಟು; ಬೇಕಾದುದು ಹತ್ತಿರ ಒಬ್ಬ ವೈದ್ಯ. ಚಿತ್ತಭ್ರಮೆಯನ್ನು ದೇವರ ಮುನಿಸೆಂದು ತಿಳಿದು ಮಂತ್ರಕ್ಕೆ ಕಾಯುವುದು ಅಜ್ಞಾನವೇ ಹೊರತು ಅಧ್ಯಾತ್ಮವಲ್ಲ.

೩

ಶರಣಾಗತಿಯ ಮಾರ್ಗವು ಇದಕ್ಕೆ ಹೆಚ್ಚುಕಡಿಮೆ ವಿರುದ್ಧವಾದುದು. ವ್ರತಿಯು ‘ಬಿಟ್ಟೆ’ ಎನ್ನುತ್ತಾನೆ. ಶರಣಾಗತನು ‘ಬಿಡಲು ನನ್ನಿಂದಾಗದು’ ಎಂಬಲ್ಲಿಂದ ತೊಡಗುತ್ತಾನೆ. ೧೯೩೫ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಬಿಲ್ ವಿಲ್ಸನ್ ಮತ್ತು ಡಾ. ಬಾಬ್ ಸ್ಮಿತ್ ಎಂಬ ಇಬ್ಬರು ಮದ್ಯವ್ಯಸನಿಗಳ ಭೇಟಿಯಿಂದ ಹುಟ್ಟಿದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಕೂಟದ ಹನ್ನೆರಡು ಮೆಟ್ಟಿಲುಗಳಲ್ಲಿ ಮೊದಲನೆಯದೇ ಸೋಲಿನ ಒಪ್ಪಿಗೆ. ಬಳಿಕ ತನಗಿಂತ ಹಿರಿದಾದ ಶಕ್ತಿಯಲ್ಲಿ ನಂಬಿಕೆ, ತನ್ನ ದೋಷಗಳ ಲೆಕ್ಕ, ಇನ್ನೊಬ್ಬನೆದುರು ಅವುಗಳ ನಿವೇದನೆ, ಕೆಡುಕು ಮಾಡಿದವರಿಗೆ ಪರಿಹಾರ ಎಂಬ ಕ್ರಮ. ದೇವರೆಂದರೆ ಯಾರೆಂಬುದನ್ನು ಪ್ರತಿಯೊಬ್ಬನ ತಿಳುವಳಿಕೆಗೇ ಬಿಡಲಾಗಿದೆ. ೧೯೫೭ರಲ್ಲಿ ಮುಂಬಯಿಗೆ ಬಂದ ಈ ಕೂಟವು ಇಂದು ಮಹಾರಾಷ್ಟ್ರದ ಊರೂರಿನಲ್ಲಿ ಸಭೆ ಸೇರುತ್ತದೆ. ಅಲ್ಲಿ ಗುರುವಿಲ್ಲ, ಶುಲ್ಕವಿಲ್ಲ, ಕುಲನಾಮವನ್ನು ಕೇಳುವವರಿಲ್ಲ.

ಈ ಮಾರ್ಗದ ಹಿನ್ನೆಲೆಯಲ್ಲಿ ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಂಗ್‌ ಅವರ ನೆರಳಿದೆ. ಮದ್ಯದ ತೃಷ್ಣೆಯು ಪೂರ್ಣತೆಗಾಗಿ ಆತ್ಮ ಪಡುವ ತೃಷ್ಣೆಯ ಕೆಳಮಟ್ಟದ ರೂಪವೆಂಬ ಅಭಿಪ್ರಾಯವನ್ನು ಅವರು ೧೯೬೧ರ ಜನವರಿಯಲ್ಲಿ ವಿಲ್ಸನ್‌ಗೆ ಬರೆದ ಪತ್ರದಲ್ಲಿ ವ್ಯಕ್ತಪಡಿಸಿದ್ದರು. ಮಾತು ಸುಂದರವಾಗಿದೆ, ಸುಂದರವಾಗಿದೆಯೆಂಬ ಕಾರಣಕ್ಕೇ ಪರೀಕ್ಷಿಸತಕ್ಕದ್ದು. ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ ಮೈನೋವಿಗೆ ಕುಡಿಯುವವನ ತೃಷ್ಣೆಯನ್ನೆಲ್ಲ ಆತ್ಮದ ತೃಷ್ಣೆಯೆಂದರೆ ಮೈನೋವಿಗೆ ಅನ್ಯಾಯ, ಆತ್ಮಕ್ಕೂ ಗೌರವವಲ್ಲ. ಅಲ್ಲದೆ ಅಧ್ಯಾತ್ಮವು ಸಹಜವಾಗಿಯೇ ಮಾದಕದ ಶತ್ರುವೆಂಬುದೂ ನಮ್ಮ ನೆಲದ ಅನುಭವವಲ್ಲ. ಹನ್ನೆರಡು ವರ್ಷಕ್ಕೊಮ್ಮೆ ನಾಸಿಕ-ತ್ರ್ಯಂಬಕಗಳಲ್ಲಿ ನೆರೆಯುವ ಸಿಂಹಸ್ಥ ಕುಂಭಮೇಳದಲ್ಲಿ ಸಾಧುಗಳ ಚಿಲುಮೆಯ ಹೊಗೆಯನ್ನು ಕಾಣದವರಿಲ್ಲ. ೧೯೮೫ರ ಮಾದಕದ್ರವ್ಯಗಳ ಕಾನೂನು ಗಾಂಜಾವನ್ನು ನಿಷೇಧಿಸಿಯೂ ಭಂಗಿಯ ಎಲೆಯನ್ನು ಹೊರಗಿಟ್ಟಿತು.

ಪರಿಣಾಮದ ಮಾತಿಗೆ ಬಂದರೆ, ಹನ್ನೆರಡು ಮೆಟ್ಟಿಲುಗಳ ಪರವಾಗಿ ದೃಢವಾದ ಆಧಾರವಿಲ್ಲವೆಂದು ೨೦೦೬ರಲ್ಲಿ ಹೇಳಿದ್ದ ಕಾಕ್ರನ್ ಸಂಸ್ಥೆಯ ಪರಾಮರ್ಶೆಯು, ೨೦೨೦ರಲ್ಲಿ ೨೭ ಅಧ್ಯಯನಗಳನ್ನೂ ೧೦,೫೬೫ ಜನರನ್ನೂ ಒಳಗೊಂಡು ಹೊಸದಾಗಿ ನಡೆದಾಗ ತನ್ನ ತೀರ್ಮಾನವನ್ನು ಬದಲಿಸಿತು: ಆ ಕೂಟಕ್ಕೆ ಕ್ರಮವಾಗಿ ಸೇರಿಸುವ ಚಿಕಿತ್ಸೆಯು ಸತತ ಪಾನತ್ಯಾಗದ ವಿಷಯದಲ್ಲಿ ಬೇರೆ ಪ್ರಸಿದ್ಧ ಚಿಕಿತ್ಸೆಗಳಿಗಿಂತ ಮೇಲೆಂದು ಕಂಡುಬಂದಿತು. ಆದರೆ ಇದು ದೇವರ ಗೆಲುವೋ ಕೂಟದ ಗೆಲುವೋ? ಹತ್ತು ವರ್ಷ ಬಿಟ್ಟವನು ಹತ್ತು ದಿನ ಬಿಟ್ಟವನ ಪಕ್ಕದಲ್ಲಿ ಕೂತು ತನ್ನ ಕತೆ ಹೇಳುವುದರಲ್ಲಿ ನಂಬಿಕೆಯ ಪಾಲೆಷ್ಟು, ಸಹವಾಸದ ಪಾಲೆಷ್ಟು ಎಂಬುದನ್ನು ಬೇರ್ಪಡಿಸುವುದು ಕಷ್ಟ.

ಪುಣೆಯ ‘ಮುಕ್ತಾಂಗಣ’ವು ಈ ಪ್ರಶ್ನೆಗೆ ಬೆಳಕು ಚೆಲ್ಲುತ್ತದೆ. ಮನೋವೈದ್ಯಕೀಯದಲ್ಲಿ ದುಡಿಯುತ್ತಿದ್ದ ಡಾ. ಸುನಂದಾ ಅವಚಟರೂ ಅವರ ಪತಿ, ವೈದ್ಯರೂ ಮರಾಠಿಯ ಪ್ರಸಿದ್ಧ ಲೇಖಕರೂ ಆದ ಅನಿಲ ಅವಚಟರೂ ಪು. ಲ. ದೇಶಪಾಂಡೆಯವರ ನೆರವಿನಿಂದ ೧೯೮೬ರಲ್ಲಿ ಅದನ್ನು ಸ್ಥಾಪಿಸಿದರು. ಅದು ಮಠದಿಂದ ಹುಟ್ಟಿದುದಲ್ಲ, ಸಮಾಜಕಾರ್ಯದಿಂದ ಹುಟ್ಟಿದುದು. ಅಲ್ಲಿ ಯೋಗ, ಸಂಗೀತ, ಸಮೂಹದ ಮಾತುಕತೆ, ಕುಟುಂಬದವರ ಪಾಲುಗಾರಿಕೆ ಎಲ್ಲವೂ ಉಂಟು. ದೇವರ ಹೆಸರನ್ನು ಕಡ್ಡಾಯಗೊಳಿಸದೆಯೂ ಶರಣಾಗತಿಯ ಫಲವನ್ನು, ಎಂದರೆ ಅಹಂಕಾರದ ಇಳಿಕೆಯನ್ನೂ ಇನ್ನೊಬ್ಬರ ನೆರವನ್ನು ಸ್ವೀಕರಿಸುವ ವಿನಯವನ್ನೂ, ಸಾಧಿಸಲು ಸಾಧ್ಯವೆಂಬುದಕ್ಕೆ ಅದು ಉದಾಹರಣೆ.

೪

ಮೂರನೆಯದಾದ ಅರಿವಿನ ಮಾರ್ಗಕ್ಕೆ ನಾಸಿಕ ಜಿಲ್ಲೆಯ ಇಗತಪುರಿಯೇ ಕೇಂದ್ರ. ಬರ್ಮಾದ ಸಯಾಜಿ ಊ ಬಾ ಖಿನ್ ಅವರ ಶಿಷ್ಯರಾದ ಸತ್ಯನಾರಾಯಣ ಗೋಯಂಕಾ (೧೯೨೪-೨೦೧೩) ಅವರ ನೇತೃತ್ವದಲ್ಲಿ ಅಲ್ಲಿನ ಧಮ್ಮಗಿರಿಯಲ್ಲಿ ೧೯೭೬ರಿಂದ ವಿಪಶ್ಯನೆಯ ಶಿಬಿರಗಳು ನಡೆಯುತ್ತಿವೆ. ಹತ್ತು ದಿನ ಮೌನ. ಮಾದಕತ್ಯಾಗವೂ ಸೇರಿದ ಪಂಚಶೀಲ. ಮೊದಲು ಉಸಿರಿನ ಮೇಲೆ ಗಮನ, ಬಳಿಕ ಮೈಯಲ್ಲಿ ಏಳುವ ವೇದನೆಗಳನ್ನು ಬೇಕೆನ್ನದೆ ಬೇಡವೆನ್ನದೆ ನೋಡುವುದು. ಇಲ್ಲಿ ಬೇಡಿಕೊಳ್ಳುವ ದೇವರಿಲ್ಲ. ಮುರಿಯುವ ಭಯದ ಮಾಲೆಯೂ ಇಲ್ಲ. ಚಪಲವು ಏಳುತ್ತದೆ, ಏರುತ್ತದೆ, ಇಳಿಯುತ್ತದೆ. ಅದಕ್ಕೆ ಓಗೊಡದೆ ಇರಬಹುದು ಎಂಬ ಅನುಭವವೇ ಇಲ್ಲಿಯ ಪಾಠ.

ಮೇಲೆ ಹೇಳಿದ ಮಾರ್ಲಾಟ್ ಮತ್ತು ಸಂಗಡಿಗರೇ ಅಮೆರಿಕದ ಸಿಯಾಟಲ್ ಸಮೀಪದ ಬಂದಿಖಾನೆಯೊಂದರಲ್ಲಿ ಇದನ್ನು ಪರೀಕ್ಷಿಸಿ, ಶಿಬಿರ ಮುಗಿಸಿದ ಬಂದಿಗಳು ಬಿಡುಗಡೆಯ ಬಳಿಕ ಮದ್ಯ ಮಾದಕಗಳನ್ನು ಕಡಮೆ ಬಳಸಿದರೆಂದು ೨೦೦೬ರಲ್ಲಿ ವರದಿ ಮಾಡಿದರು. ಶಿಬಿರಕ್ಕೆ ಬಂದವರು ತಾವಾಗಿ ಬಂದವರಾದುದರಿಂದ ಆ ಫಲವನ್ನು ಪೂರ್ತಿ ನಂಬುವಂತಿರಲಿಲ್ಲ. ಇದೇ ತತ್ತ್ವದಿಂದ ರೂಪಿಸಿದ ಎಚ್ಚರದ ಸಾಧನೆಯನ್ನು ಚಿಕಿತ್ಸೆ ಮುಗಿಸಿದ ೨೮೬ ಜನರಲ್ಲಿ ಚೀಟಿಯೆತ್ತಿದಂತೆ ಹಂಚಿ ನೋಡಿದ ೨೦೧೪ರ ಅಧ್ಯಯನದಲ್ಲಿ, ಒಂದು ವರ್ಷದ ಕೊನೆಗೆ ಈ ಸಾಧನೆಯವರೇ ಉಳಿದವರಿಗಿಂತ ಮುಂದಿದ್ದರು. ಅರಿವಿನ ಮಾರ್ಗಕ್ಕೂ ಮಿತಿಯುಂಟು. ತೀವ್ರವಾದ ಮನೋರೋಗವುಳ್ಳವರಿಗೆ ಹತ್ತು ದಿನಗಳ ಮೌನವು ತಕ್ಕುದಲ್ಲವೆಂದು ಶಿಬಿರದ ನಿಯಮಾವಳಿಯೇ ಎಚ್ಚರಿಸುತ್ತದೆ. ತನ್ನ ಎಲ್ಲೆಯನ್ನು ತಾನೇ ಹೇಳಿಕೊಳ್ಳುವ ಅಧ್ಯಾತ್ಮವು ಹೆಚ್ಚು ನಂಬಿಕೆಗೆ ಅರ್ಹ.

೫

ಇಷ್ಟು ಭಿನ್ನವಾದ ಮೂರು ಕ್ರಿಯೆಗಳನ್ನು ಸಂಶೋಧಕರು ಒಂದೇ ಅಂಕೆಗೆ ಇಳಿಸುವರೆಂಬುದೇ ಪ್ರಸ್ತುತ ವಿಮರ್ಶೆಯ ಮುಖ್ಯ ಆಕ್ಷೇಪ. ಬಹುವಾಗಿ ಬಳಕೆಯಲ್ಲಿರುವ ಅಳತೆಗೋಲು ೧೯೮೨ರಲ್ಲಿ ಪಲೌಟ್ಜಿಯನ್ ಮತ್ತು ಎಲಿಸನ್ ರಚಿಸಿದ ಆಧ್ಯಾತ್ಮಿಕ ಕ್ಷೇಮದ ಪ್ರಶ್ನಾವಳಿ. ಅದರ ೨೦ ವಾಕ್ಯಗಳಲ್ಲಿ ಹತ್ತು ದೇವರೊಡನೆ ವ್ಯಕ್ತಿಯ ಸಂಬಂಧವನ್ನು ಕುರಿತವು; ಉಳಿದ ಹತ್ತು ಬಾಳಿನಲ್ಲಿ ಉದ್ದೇಶ, ತೃಪ್ತಿ, ಭರವಸೆಗಳಿವೆಯೇ ಎಂಬುದನ್ನು ಕುರಿತವು. ಇತ್ತ ಖಿನ್ನತೆಯ ಪ್ರಶ್ನಾವಳಿಯೂ ಬಾಳಿನಲ್ಲಿ ಭರವಸೆಯಿದೆಯೇ ಎಂದೇ ಕೇಳುತ್ತದೆ. ಭರವಸೆಯುಳ್ಳವನಿಗೆ ಭರವಸೆ ಹೆಚ್ಚೆಂದು ಸಿದ್ಧಪಡಿಸುವುದಕ್ಕೆ ಗಣಿತವೇಕೆ? ಈ ಸುತ್ತುತರ್ಕವನ್ನು ಧರ್ಮ ಮತ್ತು ಆರೋಗ್ಯಗಳ ಸಂಬಂಧದ ಅಗ್ರಗಣ್ಯ ಸಂಶೋಧಕರಾದ ಹೆರಾಲ್ಡ್ ಕೊಯೆನಿಗ್ ಅವರೇ ೨೦೦೮ರಲ್ಲಿ ಎತ್ತಿ ತೋರಿಸಿದರು. ಅಧ್ಯಾತ್ಮದ ವಿರೋಧಿಗಳಿಂದ ಬಂದ ಮಾತಲ್ಲವಾದುದರಿಂದ ಅದಕ್ಕೆ ತೂಕ ಹೆಚ್ಚು.

ಎರಡನೆಯ ಆಕ್ಷೇಪ ಕಾಲಕ್ಕೆ ಸಂಬಂಧಿಸಿದುದು. ಚಿಕಿತ್ಸಾಕೇಂದ್ರದಲ್ಲಿರುವವರನ್ನು ಒಂದೇ ಬಾರಿ ಕೇಳಿ, ಶ್ರದ್ಧೆಯುಳ್ಳವರ ಮನಸ್ಸು ಹೆಚ್ಚು ಸ್ವಸ್ಥವಾಗಿದೆಯೆಂದು ಕಂಡರೆ, ಶ್ರದ್ಧೆಯಿಂದ ಸ್ವಾಸ್ಥ್ಯ ಬಂದಿತೆನ್ನುವಂತಿಲ್ಲ. ಸ್ವಾಸ್ಥ್ಯ ಮರಳಿದವನಿಗೇ ದೇವರು ನೆನಪಾಗಿರಬಹುದು. ಖಿನ್ನತೆಯಲ್ಲಿ ಮುಳುಗಿದವನಿಗೆ ಮನೆಮಂದಿಯೇ ಬೇಡವಾಗುವಾಗ ದೇವರು ಬೇಡವಾಗುವುದು ರೋಗದ ಲಕ್ಷಣವೇ ಹೊರತು ನಾಸ್ತಿಕ್ಯವಲ್ಲ. ಇದಲ್ಲದೆ, ಕೇಂದ್ರದಲ್ಲಿ ಪ್ರಾರ್ಥನೆ ದಿನಚರಿಯ ಅಂಗವಾಗಿರುವಾಗ ಅಲ್ಲಿಯವರೇ ಕೇಳುವ ಪ್ರಶ್ನೆಗೆ ‘ನಂಬುತ್ತೇನೆ’ ಎನ್ನುವುದರಲ್ಲಿ ದಾಕ್ಷಿಣ್ಯದ ಪಾಲೂ ಇರುತ್ತದೆ.

ಮೂರನೆಯದು ಎಲ್ಲಕ್ಕೂ ಗಂಭೀರವಾದುದು. ಶ್ರದ್ಧೆಯೆಲ್ಲ ಒಂದೇ ಬಗೆಯದಲ್ಲ. ಕಷ್ಟದಲ್ಲಿ ದೇವರು ಜೊತೆಗಿದ್ದಾನೆಂದು ನಂಬುವುದು ಒಂದು. ದೇವರು ತನ್ನನ್ನು ದಂಡಿಸುತ್ತಿದ್ದಾನೆ, ಕೈಬಿಟ್ಟಿದ್ದಾನೆ ಎಂದು ನಂಬುವುದು ಇನ್ನೊಂದು. ಕೆನೆತ್ ಪಾರ್ಗಮೆಂಟ್ ಮತ್ತು ಸಂಗಡಿಗರು ೧೯೯೮ರಲ್ಲಿ ಇವೆರಡನ್ನು ಬೇರ್ಪಡಿಸಿ ಅಳೆದಾಗ, ಎರಡನೆಯದು ಮನಸ್ಸಿನ ಹೆಚ್ಚಿನ ಯಾತನೆಯೊಡನೆ ಕೂಡಿಕೊಂಡಿರುವುದು ಕಂಡುಬಂದಿತು. ‘ಪೂರ್ವಜನ್ಮದ ಪಾಪ’, ‘ಮನೆದೇವರ ಶಾಪ’ ಎಂಬ ಮಾತುಗಳು ದಿನಬಳಕೆಯಲ್ಲಿರುವ ಸಮಾಜದಲ್ಲಿ ಇದನ್ನು ಅಲಕ್ಷಿಸುವಂತಿಲ್ಲ. ವ್ಯಸನಿಯ ಅಧ್ಯಾತ್ಮವನ್ನು ‘ಹೆಚ್ಚಿಸು’ವ ಉತ್ಸಾಹದಲ್ಲಿ ಅವನ ಪಾಪಪ್ರಜ್ಞೆಯನ್ನೇ ಹೆಚ್ಚಿಸಿದರೆ, ಅದರ ಕೊನೆ ಬಾವಿಯ ಕಟ್ಟೆಯ ಮೇಲೋ ರೈಲುಹಳಿಯ ಮೇಲೋ ಆಗಬಹುದು. ಮದ್ಯ ಮಾದಕಗಳಿಂದ ಬರುವ ಮಾನಸಿಕ ಸ್ಥಿತಿಗಳನ್ನು ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯು ಮನೋರೋಗದ ವ್ಯಾಖ್ಯೆಯಲ್ಲಿಯೇ ಸೇರಿಸಿದೆ. ಕಾಯಿದೆ ಕಾಯಿಲೆಯೆಂದು ಒಪ್ಪಿದುದನ್ನು ಬಂಧುಬಳಗವು ಶ್ರದ್ಧಾಹೀನತೆಯೆಂದು ಹೀಯಾಳಿಸುವವರೆಗೆ ಆ ಕಾಯಿದೆ ಕಾಗದದ ಮೇಲಿರುತ್ತದೆ.

೬

ಹೊರನಾಡ ಕನ್ನಡಿಗನ ವಿಷಯದಲ್ಲಿ ಇದಕ್ಕೆ ಇನ್ನೊಂದು ಮುಖವುಂಟು. ಕೆಲಸಕ್ಕಾಗಿ ಗೋದಾವರಿಯ ಸೀಮೆಗೆ ಬಂದು ನೆಲೆಸಿದವನು ಮರಾಠಿಯಲ್ಲಿ ವ್ಯವಹರಿಸಬಲ್ಲ. ಚಿಕಿತ್ಸಕರೊಡನೆ ಮರಾಠಿಯಲ್ಲೋ ಹಿಂದಿಯಲ್ಲೋ ಉತ್ತರಿಸಬಲ್ಲ. ಆದರೆ ಮನುಷ್ಯ ತಪ್ಪೊಪ್ಪಿಕೊಳ್ಳುವುದೂ ಅಳುವುದೂ ದೇವರನ್ನು ಬಯ್ಯುವುದೂ ತಾಯ್ನುಡಿಯಲ್ಲಿ. ಎರವಲು ಭಾಷೆಯ ಪ್ರಶ್ನಾವಳಿಗೆ ಅವನು ಕೊಡುವ ಉತ್ತರವು ಅವನ ಅಂತರಂಗದ ಉತ್ತರವೆನ್ನುವಂತಿಲ್ಲ. ಊರಿನ ಸಂಘವೊಂದು ರಾಜ್ಯೋತ್ಸವಕ್ಕೆ ಮಾಡುವ ಏರ್ಪಾಟಿನ ಹತ್ತರಲ್ಲೊಂದು ಭಾಗವನ್ನು ಇಂತಹವನ ಪಕ್ಕದಲ್ಲಿ ಕನ್ನಡದಲ್ಲಿ ಮಾತಾಡುವ ಒಬ್ಬನನ್ನು ಒದಗಿಸುವುದಕ್ಕೆ ವಿನಿಯೋಗಿಸಿದರೆ ಅದೂ ಭಾಷಾಸೇವೆಯೇ.

ಜಿ. ಪಿ. ರಾಜರತ್ನಂ ಅವರು ಇದನ್ನು ಬಹು ಹಿಂದೆಯೇ ಕಂಡಿದ್ದರೆನ್ನಬೇಕು. ಪಾಲಿಯ ಬೌದ್ಧಸಾಹಿತ್ಯವನ್ನು ಕನ್ನಡಕ್ಕೆ ತಂದ ಆ ವಿದ್ವಾಂಸರೇ ಎಂಡಕುಡುಕ ರತ್ನನ ಬಾಯಿಂದ ಪದಗಳನ್ನು ಹಾಡಿಸಿದರು. ದೇವರು ಎದುರು ಬಂದು ಎಂಡ ಬಿಡೆಂದರೆ ಬಿಡಲು ರತ್ನನು ಸಿದ್ಧ. ಹೆಂಡತಿಯನ್ನು ಬಿಡೆಂದರೂ ಒಪ್ಪುತ್ತಾನೆ. ಕನ್ನಡದ ಪದಗಳನ್ನು ಬಿಡೆಂದಾಗ ಮಾತ್ರ ದೇವರನ್ನೇ ಎದುರಿಸುತ್ತಾನೆ. ನಗೆಯೊಳಗಿನ ಈ ದರ್ಶನವನ್ನು ಚಿಕಿತ್ಸಕರು ಗಮನಿಸಬೇಕು. ವ್ಯಸನಿಯಲ್ಲಿ ವ್ಯಸನಕ್ಕಿಂತ ದೊಡ್ಡದಾದ ಪ್ರೀತಿಯೊಂದು ಎಲ್ಲೋ ಉಳಿದಿರುತ್ತದೆ. ಅದು ದೇವರೇ ಆಗಬೇಕೆಂದಿಲ್ಲ. ಅದನ್ನು ಹುಡುಕುವುದೇ ಚಿಕಿತ್ಸೆಯ ಮೊದಲ ಕೆಲಸ.

ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ಹೆಂಡದ ಮಾರಯ್ಯನೆಂಬ ವಚನಕಾರನೂ ಇದ್ದಾನೆ. ಅವನ ವೃತ್ತಿ ಅವನ ಹೆಸರಿನಲ್ಲೇ ಉಳಿದಿದೆ. ಶರಣರು ಅದನ್ನು ಅಳಿಸಿ ಅವನನ್ನು ಶುದ್ಧೀಕರಿಸಲು ಹೋಗಲಿಲ್ಲ. ವ್ಯಸನಿಗೆ ಅಧ್ಯಾತ್ಮವನ್ನು ನೀಡಬಯಸುವವರು ಈ ಔದಾರ್ಯವನ್ನು ಕಲಿಯಬೇಕು. ಎಡವಿದವನಿಗೆ ಮಾಲೆಯನ್ನು ಮತ್ತೆ ಕಟ್ಟುವ ವ್ರತ, ಪಾಪದ ಲೆಕ್ಕಕ್ಕೆ ನಿಲ್ಲದೆ ಸಹವಾಸ ಕೊಡುವ ಶರಣಾಗತಿ, ವೈದ್ಯನಿಗೆ ಬಾಗಿಲು ತೆರೆದಿಡುವ ಅರಿವು, ಇವು ಮೂರೂ ನಿಜ. ಮೂರಕ್ಕೂ ತಮ್ಮ ತಮ್ಮ ಕಾಲವಿದೆ, ತಮ್ಮ ತಮ್ಮ ಪಾತ್ರನಿದ್ದಾನೆ. ಯಾರಿಗೆ ಯಾವುದು ಎಂಬುದನ್ನು ಪ್ರಶ್ನಾವಳಿಯ ಅಂಕೆಯು ಹೇಳಲಾರದು; ಎದುರಿಗೆ ಕುಳಿತವನನ್ನೇ, ಅವನ ನುಡಿಯಲ್ಲಿಯೇ, ಕೇಳಿ ತಿಳಿಯಬೇಕು.